ನಲವತ್ತೊಂದನೆಯ ಚಂದ್ರಮ

ಬೆಳಿಗ್ಗೆ ಏಳು ಗಂಟೆ ಹದಿನಾಲ್ಕು ನಿಮಿಷಕ್ಕೆ ಮರುಳಸಿದ್ದೇಶ ಆಕಳಿಸಲು ಬಾಯಿ ತೆರೆಯುವಷ್ಟರಲ್ಲಿ, ಅವನ ಅಂಗೈಯಲ್ಲಿದ್ದ ಹೊಸ ಫೋನು ಅವನ ಪರವಾಗಿ ಆಕಳಿಸಿ ಮುಗಿಸಿತ್ತು.

ಪೆಟ್ಟಿಗೆಯಿಂದ ಹೊರಬಂದು ಅದಕ್ಕಿನ್ನೂ ಒಂದು ಗಂಟೆಯೂ ತುಂಬಿರಲಿಲ್ಲ. ಅಷ್ಟರಲ್ಲಿ ಅದು ಅವನ ಮಂಡಕ್ಕಿ ಭಟ್ಟಿಯ ಮೇಸ್ತ್ರಿಗೆ ಅವನದೇ ಧ್ವನಿಯಲ್ಲಿ ಬೈದು, ಸಮಾಧಾನ ಹೇಳಿ, ಸಮಾಧಾನ ಹೇಳಿದ್ದು ಹೆಚ್ಚಾಯಿತೆಂದು ಮತ್ತೊಮ್ಮೆ ಬೈದಿತ್ತು. ಇಬ್ಬರು ನೆಂಟರ ಗೃಹಪ್ರವೇಶಕ್ಕೆ ಬರುತ್ತೇನೆಂದು ಹೇಳಿ, ಬರಲಾಗದ್ದಕ್ಕೆ ಮುಂಚಿತವಾಗಿಯೇ ಬೇಸರವನ್ನೂ ಸೂಚಿಸಿತ್ತು. ಅದರ ಹೆಸರು ಚಂದ್ರಮ ನಲವತ್ತೊಂದು. ಅದು ಮಾರಾಟಕ್ಕೆ ಬಂದ ದಿನ ದಾವಣಗೆರೆಯಲ್ಲಿ ಸರತಿಯ ಸಾಲು ಎಷ್ಟು ಉದ್ದವಿತ್ತೆಂದರೆ, ಸಾಲಿನ ತುದಿಯಲ್ಲಿ ನಿಂತವರು ಚಿತ್ರದುರ್ಗದಲ್ಲಿ ತಿಂಡಿ ತಿಂದರು. ಹಾಗೆಂದು ಹೇಳಿದವನು ಮರುಳಸಿದ್ದೇಶ. ಅವನು ಎರಡನೆಯವನಾಗಿ ನಿಂತಿದ್ದ.

ಫೋನಿನ ಈ ಚಮತ್ಕಾರಕ್ಕೆ ಕಾರಣವಾದದ್ದು ರೂಢಿಗ್ರಾಹಿ ಎಂಬ ಸಾಧನ. ಸಾಸಿವೆಗಿಂತ ಚಿಕ್ಕದೊಂದು ಹರಳು. ಅದರೊಳಗೆ ಕೋಟ್ಯಂತರ ಎಳೆಗಳು. ಯಜಮಾನ ಆಡುವ ಒಂದೊಂದು ಮಾತಿಗೆ, ಬಿಡುವ ಒಂದೊಂದು ನಿಟ್ಟುಸಿರಿಗೆ ಒಂದೊಂದು ಎಳೆ ಬಾಗುತ್ತದೆ, ಬಾಗಿದ ಹಾಗೆಯೇ ನಿಂತುಬಿಡುತ್ತದೆ. ಸಾಕಷ್ಟು ಎಳೆಗಳು ಬಾಗಿದ ಮೇಲೆ ಯಜಮಾನ ಬಾಯಿ ತೆರೆಯಬೇಕಾದ ಅಗತ್ಯವೇ ಇಲ್ಲ. ಅವನು ಏನು ಹೇಳುತ್ತಿದ್ದನೋ ಅದನ್ನು ಅವನ ಧ್ವನಿಯಲ್ಲೇ ಫೋನು ಹೇಳಿಬಿಡುತ್ತದೆ. ಕಂಪನಿ ಇದನ್ನು ಮುನ್ನುಡಿ ಸೇವೆ ಎಂದು ಕರೆಯಿತು. ಈ ಸೇವೆ ಬಂದ ಮೇಲೆ ಒಂದೇ ಮನೆಯ ಜನ ಕೂಡ ಮಹಡಿಯಿಂದ ನಡುಮನೆಗೆ ಫೋನಿನಲ್ಲೇ ಮಾತಾಡತೊಡಗಿದರು. ಬಾಯಿ ಎಂಬ ಅವಯವ ಊಟಕ್ಕೆ ಮಾತ್ರ ಉಳಿಯಿತು. ನಲವತ್ತನೆಯ ಚಂದ್ರಮ ಯಜಮಾನನಿಗೆ ಪಳಗಲು ಮೂರು ತಿಂಗಳು ತೆಗೆದುಕೊಳ್ಳುತ್ತಿತ್ತು. ನಲವತ್ತೊಂದಕ್ಕೆ ಒಂದು ಬೆಳಗು ಸಾಕು.

"ಅದು ಬಿಟ್ಟು ಹೊಸದೇನಿದೆ ಅದರಲ್ಲಿ?" ಎಂದು ಕೇಳಿದಳು ಅವನ ಹೆಂಡತಿ ಸರ್ವಮಂಗಳಾ. ನಾಲ್ಕು ವರ್ಷಗಳಿಂದ ನಲವತ್ತೊಂದು ಬರುತ್ತದಂತೆ, ನಲವತ್ತೊಂದು ಬರುತ್ತದಂತೆ ಎಂದು ಕೇಳಿ ಕೇಳಿ ಅವಳ ಕಿವಿಗಳು ಅರ್ಧ ಇಂಚು ಸವೆದಿದ್ದವು.

"ಬೆನ್ನು ನೋಡು. ನವಿಲುಗರಿ ಬಣ್ಣ."

"ಆಗಲೇ ಕವರ್ ಹಾಕಿಬಿಟ್ಟಿದೀರಲ್ಲ."

"ಕ್ಯಾಮೆರಾ ನೋಡು. ಚಂದ್ರನ ಮೇಲಿನ ಇರುವೆ ಕಾಣುತ್ತೆ."

"ಚಂದ್ರನ ಮೇಲೆ ಇರುವೆ ಇಲ್ಲ ರೀ."

"ಅದು ಖಾತ್ರಿ ಆಗಿದ್ದೇ ಈ ಕ್ಯಾಮೆರಾದಿಂದ," ಎಂದ ಸಿದ್ದೇಶ.

ಅವಳು ಹಣೆಗೆ ಕೈ ಹಚ್ಚಿ ಕೂತಳು. ಅವಳ ಸಂಕಟ ಇರುವೆಯದಾಗಿರಲಿಲ್ಲ. ಆ ಮನೆಗೆ ಒಂದು ಹೊಸ ಫೋನು ಬಂತೆಂದರೆ ಮೂರು ಫೋನು ಕೈ ಬದಲಾಯಿಸುತ್ತಿದ್ದವು. ಹೊಸದು ಯಜಮಾನನಿಗೆ, ಅವನದು ಹೆಂಡತಿಗೆ, ಹೆಂಡತಿಯದು ಅತ್ತೆಗೆ, ಅತ್ತೆಯದು ಭಟ್ಟಿಗೆ. ಭಟ್ಟಿಯ ಗೋಡೆಯ ಮೊಳೆಗೆ ತೂಗುಬಿದ್ದು ಅದು ಮಂಡಕ್ಕಿ ಹುರಿಯುವ ಹೊತ್ತು ನೋಡುತ್ತಾ ಆಯುಷ್ಯ ಮುಗಿಸುತ್ತಿತ್ತು. ಇದಕ್ಕೆ ಇಳಿಕೆ ಎಂದು ಹೆಸರು. ಸಿದ್ದೇಶನ ತಂದೆಯ ಕಾಲದಿಂದ ನಡೆದುಬಂದ ಪದ್ಧತಿ. ಆ ಊರಿನ ಯಾವ ಮನೆಗೆ ಹೋದರೂ ಇದೇ. ಹಳೆಯ ವಸ್ತುವನ್ನು ಕಂಪನಿಗೆ ವಾಪಸ್ ಕೊಡುವುದೆಂದರೆ ಮನೆಯ ಕರುವನ್ನು ಹೊಡೆದೋಡಿಸಿದಂತೆ ಎಂದು ಜನ ಭಾವಿಸಿದ್ದರು.

ರೂಢಿಗ್ರಾಹಿ ಬಂದ ಮೇಲೆ ಆ ಮನೆಯಲ್ಲಿ ಇದು ಮೊದಲನೆಯ ಇಳಿಕೆ. ನಾಲ್ಕು ವರ್ಷದ ಹಿಂದೆ ಸಿದ್ದೇಶ ಒಂದೇ ದಿನ ಮೂರು ಫೋನು ತಂದಿದ್ದ: ಆಗಷ್ಟೇ ಬಂದ ನಲವತ್ತನ್ನು ತನಗೆ, ಒಂದು ಮೆಟ್ಟಿಲು ಕೆಳಗಿನ ಮೂವತ್ತೊಂಬತ್ತನ್ನು ಹೆಂಡತಿಗೆ, ಇನ್ನೂ ಒಂದು ಮೆಟ್ಟಿಲು ಕೆಳಗಿನ ಮೂವತ್ತೆಂಟನ್ನು ತಾಯಿ ಹಾಲಮ್ಮನಿಗೆ. ಅಂದಿನಿಂದ ಆ ಮೂರು ಹರಳುಗಳು ಆ ಮೂರು ಕೈಗಳಲ್ಲೇ ಬಾಗುತ್ತಾ ಬಂದಿದ್ದವು.

"ನನ್ನದು ಚೆನ್ನಾಗೇ ಇದೆ. ನನಗೆ ನಿಮ್ಮ ನಲವತ್ತು ಬೇಡ," ಎಂದಳು ಮಂಗಳಾ.

"ಜಗತ್ತಿನಲ್ಲಿ ಫೋನು ಕೊಡ್ತೀನಿ ಅಂದ್ರೆ ಮುಖ ಸಿಂಡರಿಸುವ ಹೆಂಗಸು ನೀನೊಬ್ಬಳೇ," ಎಂದ ಸಿದ್ದೇಶ. "ಸಂಜೆ ಆರರೊಳಗೆ ಬೇಡ ಅನಿಸಿದ್ರೆ ಅಂಗಡಿಯವನು ವಾಪಸ್ ತಗೋತಾನೆ. ನಾನೇನು ಹೆಡ್ಡನಲ್ಲ. ಅನಸೂಯಾ ಮೇಡಂನ ಕರೆದಿದೀನಿ. ಅವರು ನೋಡಿ ಹೇಳಲಿ, ತಗೊಳ್ಳೋದಾ ಬೇಡ್ವಾ ಅಂತ."

ಡಾಕ್ಟರ್ ಅನಸೂಯಾ ಕಂಚಿಕೆರೆ ಹಿಂದಿನ ಬೀದಿಯಲ್ಲೇ ಇದ್ದರು. ರೂಢಿಗ್ರಾಹಿಯನ್ನು ರೂಪಿಸಿದ ಆರುನೂರು ವಿಜ್ಞಾನಿಗಳಲ್ಲಿ ಅವರೂ ಒಬ್ಬರು. ನಿವೃತ್ತಿಯಾದ ಮೇಲೆ ಮಂಡಕ್ಕಿ ಮೆಣಸಿನಕಾಯಿ ಎಲ್ಲಿ ಕೊಟ್ಟರೂ ಅಲ್ಲಿ ಹೋಗಿ ಸತ್ಯ ಹೇಳಿ ಬರುತ್ತಿದ್ದರು.

ಅವರು ಬಂದದ್ದು ಮಧ್ಯಾಹ್ನ ಮೂರೂಮುಕ್ಕಾಲಿಗೆ. ನಡುಮನೆಯಲ್ಲಿ ಹಿತ್ತಾಳೆ ತಟ್ಟೆಯ ತುಂಬ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ. ಆರಾಮ ಕುರ್ಚಿಯಲ್ಲಿ ಹಾಲಮ್ಮ. ಮಂಡಿ ನೋವಿನ ದೆಸೆಯಿಂದ ಆಕೆ ಮಹಡಿ ಹತ್ತಿ ನಾಲ್ಕು ವರ್ಷವಾಗಿತ್ತು. ಮಹಡಿಯ ಮೇಲೆ ಇರುತ್ತಿದ್ದ ಸೊಸೆಗೆ ಪ್ರತಿದಿನ ನಾಲ್ಕು ಗಂಟೆಗೆ ಸರಿಯಾಗಿ ಫೋನು ಮಾಡುವುದು ಆಕೆಯ ನೇಮ.

"ಮೊದಲು ಇಳಿಕೆ ಆಗಲಿ, ಆಮೇಲೆ ಪರೀಕ್ಷೆ," ಎಂದು ಸಿದ್ದೇಶ ಮಂಗಳಾಳ ಕೈಯಿಂದ ಮೂವತ್ತೊಂಬತ್ತನ್ನು ಕಿತ್ತು ತಾಯಿಯ ಕೈಗಿಟ್ಟ. ತನ್ನ ನಲವತ್ತನ್ನು ಮಂಗಳಾಳ ಮಡಿಲಿಗೆ ಹಾಕಿದ. ತಾಯಿಯ ಮೂವತ್ತೆಂಟನ್ನು, ಭಟ್ಟಿಗೆ ಒಯ್ಯಲೆಂದು, ಮಂಡಕ್ಕಿ ತಟ್ಟೆಯ ಪಕ್ಕ ಇಟ್ಟ.

ಹಾಲಮ್ಮ ಕನ್ನಡಕ ಏರಿಸಿದಳು. "ಇದರಾಗೆ ನನಗೆ ಏನೂ ಕಾಣಂಗಿಲ್ಲ ಕಣೋ ಸಿದ್ದಾ."

"ಹೂಂ ಅತ್ತೆ," ಎಂದಿತು ಫೋನು. ಮಂಗಳಾಳ ಧ್ವನಿ. ಎಷ್ಟು ಚೊಕ್ಕವಾಗಿತ್ತೆಂದರೆ ಗೋಡೆಯ ಹಲ್ಲಿ ಕೂಡ ಮಂಗಳಾಳ ಕಡೆ ತಿರುಗಿ ನೋಡಿತು. ಮಂಗಳಾ ತುಟಿ ಕಚ್ಚಿಕೊಂಡು ಕೂತಿದ್ದಳು.

ಹಾಲಮ್ಮ ಫೋನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು. "ಬೆಳಿಗ್ಗೆ ಕಾಫಿಗೆ ಸಕ್ಕರೆ ಜಾಸ್ತಿ ಆಗಿತ್ತು," ಎಂದಳು, ಫೋನಿಗೆ.

"ಹೂಂ ಅತ್ತೆ."

"ನಾಳೆ ನಾನು ಒಬ್ಬಳೇ ಹಿಮಾಲಯ ಹತ್ತಬೇಕು ಅಂತ ಮಾಡೀನಿ."

"ಆಯ್ತು ಅತ್ತೆ. ನೀವು ಹೇಳಿದ ಹಾಗೆ."

ಡಾಕ್ಟರ್ ಅನಸೂಯಾ ಬಜ್ಜಿಯನ್ನು ತಟ್ಟೆಗೆ ವಾಪಸ್ ಇಟ್ಟರು. "ನಾವು ಇದನ್ನ ಯೋಚಿಸಲೇ ಇಲ್ಲ," ಎಂದರು ಮೆಲ್ಲಗೆ. "ಹೊಸದು ಬಂದ ಮೇಲೆ ಹಳೆಯದು ಕಂಪನಿಯ ಕುಲುಮೆಗೆ ಹೋಗುತ್ತೆ ಅಂತಲೇ ನಮ್ಮ ಲೆಕ್ಕ. ಆರುನೂರು ಜನ ಹದಿನೆಂಟು ವರ್ಷ ಕೂತು ಕೆಲಸ ಮಾಡಿದ್ವಿ. ನೀವು ಹಳೆಯದನ್ನ ಏನು ಮಾಡ್ತೀರಿ ಅಂತ ಒಬ್ಬರೂ ಕೇಳಲಿಲ್ಲ."

"ಅಳಿಸಿಬಿಡಿ ಮೇಡಂ. ಒಂದು ಗುಂಡಿ ಇರುತ್ತಲ್ಲ," ಎಂದ ಸಿದ್ದೇಶ.

"ಗುಂಡಿ ಒತ್ತಿದ್ರೆ ಫೋಟೋ ಹೋಗುತ್ತೆ, ಹೆಸರುಗಳು ಹೋಗುತ್ತವೆ. ಎಳೆ ಬಾಗಿದ್ದು ಬಾಗಿದ್ದೇ. ಇಪ್ಪತ್ತು ವರ್ಷ ದೋಸೆ ಹುಯ್ದ ಕಾವಲಿಯಿಂದ ಎಣ್ಣೆಯ ಪಸೆ ತೆಗಿ ಅಂದ್ರೆ ಹೇಗೆ ತೆಗೀತೀರಿ? ನಿಮ್ಮ ತಾಯಿ ದಿನಾ ಮಾತಾಡಿಸಿ, ತಿದ್ದಿ, ತಮಗೆ ಪಳಗಿಸಬೇಕು. ಮೂರು ತಿಂಗಳು."

ಸಿದ್ದೇಶನಿಗೆ ಅಷ್ಟು ಹೊತ್ತಿಗೆ ಹೆಂಡತಿಯ ಗುಟ್ಟು ಹಿಡಿದ ಹುರುಪು ಬಂದಿತ್ತು. ಒಂದು ಬಜ್ಜಿಯನ್ನು ಇಡಿಯಾಗಿ ಬಾಯಿಗೆ ಹಾಕುವ ಮುನ್ನ ಅವನು ಹೇಳಿದ: "ಅಂದ್ರೆ ನಾಲ್ಕು ವರ್ಷದಿಂದ ನಮ್ಮವ್ವ ಯಂತ್ರದ ಜೊತೆ ಮಾತಾಡ್ತಿದ್ದಳಾ? ಭೇಷ್ ಮಂಗಳಾ."

ಮಂಗಳಾಳ ಮುಖ ಕೆಂಪಾಯಿತು. "ನನಗೂ ದಿನಕ್ಕೆ ಅರ್ಧ ಗಂಟೆ ಓದೋಕೆ ಬೇಕಿತ್ತು ರೀ. ಓದಿದ್ದಕ್ಕೇ ಹರಿಹರದ ನೀರು ಪರೀಕ್ಷಾ ಕೇಂದ್ರದ ಕೆಲಸ ಬಂದಿದ್ದು. ಇವತ್ತು ಐದು ಗಂಟೆಗೆ ಒಪ್ಪಿಗೆ ಹೇಳೋಕೆ ಕೊನೆ. ನೀವು ಇನ್ನೂ..."

"ಆಮೇಲೆ ನೋಡೋಣ ಬಿಡು ಮಂಗಳಾ. ಈಗ ಭಟ್ಟಿ ಹತ್ರ ಇದೀನಿ."

ಧ್ವನಿ ಸಿದ್ದೇಶನದು. ಆದರೆ ಸಿದ್ದೇಶನ ಬಾಯಿಯ ತುಂಬ ಬಜ್ಜಿ ಇತ್ತು, ಕಣ್ಣಲ್ಲಿ ಖಾರಕ್ಕೆ ನೀರು ಬರುತ್ತಿತ್ತು. ಮಾತು ಬಂದದ್ದು ಮಂಗಳಾಳ ಮಡಿಲಿನಿಂದ.

ಅವಳು ನಲವತ್ತನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ರೀ," ಎಂದಳು ಅದಕ್ಕೆ. "ಹರಿಹರದ ಕೆಲಸದ ಪತ್ರ ಬಂದಿದೆ. ಹೋಗಲಾ?"

"ಆಮೇಲೆ ನೋಡೋಣ."

"ಹೋಗಲಾ ಅಂತ ಕೇಳಿದೆ."

"ಆಯ್ತು ಮಾರಾಯ್ತಿ, ಆಮೇಲೆ ನೋಡೋಣ ಅಂದ್ನಲ್ಲ."

ಸಿದ್ದೇಶ ಬಜ್ಜಿಯನ್ನು ಅಗಿಯದೆ ನುಂಗಿದ. "ಯಾವ ಕೆಲಸ? ಯಾವ ಪತ್ರ? ಇಷ್ಟು ದೊಡ್ಡ ವಿಷಯ, ಮೊದಲೇ ಹೇಳಬಾರದಾ?"

"ಹನ್ನೊಂದು ಸಲ ಹೇಳಿದೆ."

"ನನಗೆ ಹೇಳಿಲ್ಲ."

"ನಿಮಗೇ ಹೇಳಿದೆ ಅಂತ ತಿಳ್ಕೊಂಡಿದ್ದೆ," ಎಂದಳು ಮಂಗಳಾ. "ಹನ್ನೊಂದು ಸಲ ಆಮೇಲೆ ನೋಡೋಣ ಅಂದವರನ್ನ ಹನ್ನೆರಡನೇ ಸಲ ಕೇಳೋಕೆ ನಾಚಿಕೆ ಆಯ್ತು. ಇವರಿಗೆ ಇಷ್ಟ ಇಲ್ಲ, ಅತ್ತೆಯಂತೂ ಬಿಡೋದೇ ಇಲ್ಲ, ಹೋಗಲಿ ಬಿಡು ಅಂತ ಸುಮ್ಮನಾದೆ."

ಗೋಡೆ ಗಡಿಯಾರ ನಾಲ್ಕು ಹೊಡೆಯಿತು.

ತಟ್ಟೆಯ ಪಕ್ಕ ಮಲಗಿದ್ದ ಮೂವತ್ತೆಂಟು ಮೈಮುರಿದು ಎದ್ದಿತು. ಹಾಲಮ್ಮನ ಕೈಯಲ್ಲಿದ್ದ ಮೂವತ್ತೊಂಬತ್ತು ಗುಂಯ್‌ಗುಟ್ಟಿ, ಯಾರೂ ಮುಟ್ಟದೆ ತಾನೇ ಕರೆ ಸ್ವೀಕರಿಸಿತು. ನಾಲ್ವರು ಮನುಷ್ಯರು ಬಾಯಿ ಮುಚ್ಚಿ ಕೂತಿದ್ದ ಆ ನಡುಮನೆಯಲ್ಲಿ ಅತ್ತೆ ಸೊಸೆಯರ ಮಾತು ಶುರುವಾಯಿತು.

"ಏನವ್ವಾ ಮಂಗಳಾ, ಕಾಫಿ ಕುಡಿದ್ಯಾ?"

"ಹೂಂ ಅತ್ತೆ."

"ಅಷ್ಟು ಓದೀಯ, ಮನಿಯಾಗ ಕೂತು ಏನು ಮಾಡ್ತೀಯ? ಒಂದು ಕೆಲಸ ನೋಡ್ಕೋ. ಅಡುಗೆ ನಾನು ನೋಡ್ಕೋತೀನಿ. ಮಂಡಿ ನೋವು ಅಷ್ಟೇ, ಕೈಗೇನಾಗೈತಿ."

"ಹೂಂ ಅತ್ತೆ."

"ಅವನನ್ನ ಕೇಳ್ಕೋತಾ ಕೂರಬೇಡ. ಅವನು ಆಮೇಲೆ ನೋಡೋಣ ಅಂತಾನೆ. ಅವರಪ್ಪನೂ ಹಂಗೇ ಇದ್ದ. ನನ್ನ ಟೀಚರ್ ಕೆಲಸದ ಕಾಗದ ಅಟ್ಟದ ಮ್ಯಾಲೆ ಇನ್ನೂ ಐತಿ."

"ಆಯ್ತು ಅತ್ತೆ. ನೀವು ಹೇಳಿದ ಹಾಗೆ."

ಕರೆ ನಿಂತಿತು. ಮಂಗಳಾ ತಲೆ ಎತ್ತಲಿಲ್ಲ. ತನ್ನ ಅರ್ಧ ಗಂಟೆಯ ಓದಿಗಾಗಿ ಅವಳು ಫೋನಿನ ಕೈಯಲ್ಲಿ ಹೂಂಗುಟ್ಟಿಸಿದ್ದಳು. ಯಾವುದಕ್ಕೆ ಹೂಂಗುಟ್ಟುತ್ತಿದ್ದೇನೆಂದು ಒಂದು ದಿನವೂ ಕೇಳಿರಲಿಲ್ಲ.

"ಮೊದಮೊದಲು ನಾನೇ ಹೇಳ್ತಿದ್ದೆ," ಎಂದಳು ಹಾಲಮ್ಮ. "ಎರಡು ವರ್ಷದಿಂದ ಅದೇ ಹೇಳುತ್ತೆ, ನಾನು ಕಣ್ಣು ಮುಚ್ಚಿಕೊಂಡು ಕೇಳ್ತಿರ್ತೀನಿ. ದಿನಾ ಹೂಂ ಅಂತೀಯ. ಬೆಳಗಾದರೆ ಮತ್ತೆ ಮನಿಯಾಗೇ ಇರ್ತೀಯ. ಈ ಹುಡುಗಿಗೇ ಮನಸ್ಸಿಲ್ಲ, ನಾನು ಯಾಕೆ ಬಾಯಿ ನೋಯಿಸ್ಕೊಳ್ಳಲಿ ಅಂತ ಬೇಜಾರಾಗಿತ್ತು."

"ಅತ್ತೆ, ನಾನು..."

"ಆಮೇಲೆ ಅಳುವಿಯಂತೆ. ಈಗ ಟೈಮ್ ಎಷ್ಟು?"

ನಾಲ್ಕು ಗಂಟೆ ಏಳು ನಿಮಿಷ.

ಆಗ ಆ ಮನೆಯಲ್ಲಿ ನಡೆದ ಗಡಿಬಿಡಿಯನ್ನು ನೋಡಿದ್ದರೆ ಬಾಹ್ಯಾಕಾಶ ಕೇಂದ್ರದವರು ತಮ್ಮ ರಾಕೆಟ್ ಬಿಟ್ಟು ಇಲ್ಲಿ ಬಂದು ಕೂರುತ್ತಿದ್ದರು. ಕೇಂದ್ರಕ್ಕೆ ಫೋನಿನಲ್ಲಿ ಒಪ್ಪಿಗೆ ಹೇಳಬಹುದಿತ್ತು. ಮಂಗಳಾ ನಲವತ್ತರಿಂದ ಕರೆ ಮಾಡಿದಳು. ಆ ಕಡೆಯವರು ಹಲೋ ಎನ್ನುವಷ್ಟರಲ್ಲಿ ಫೋನು ಅವಳಿಗಿಂತ ಮೊದಲೇ ಬಾಯಿ ಹಾಕಿ, "ಆಮೇಲೆ ನೋಡೋಣ, ಈಗ ಭಟ್ಟಿ ಹತ್ರ ಇದೀನಿ," ಎಂದು ಕರೆ ಕಡಿಯಿತು. ಸಿದ್ದೇಶ ತನ್ನ ನಲವತ್ತೊಂದನ್ನು ಕೊಟ್ಟ. ಅದು ಒಂದೇ ಬೆಳಗಿನಲ್ಲಿ ಯಜಮಾನನನ್ನು ಕಲಿಯುವಷ್ಟು ಜಾಣ ಫೋನು, ಕಲಿತೂ ಬಿಟ್ಟಿತ್ತು. "ಆಮೇಲೆ ನೋಡೋಣ," ಎಂದಿತು, ಹೊಸ ಸ್ಪೀಕರಿನಲ್ಲಿ, ಇನ್ನೂ ಸ್ಪಷ್ಟವಾಗಿ. ಹಾಲಮ್ಮನ ಮೂವತ್ತೆಂಟೋ, ಕಾಫಿ ಕುಡಿದಿರಾ ಎಂದು ಕೇಂದ್ರದ ಅಧಿಕಾರಿಯನ್ನೇ ವಿಚಾರಿಸಿತು.

"ಈ ಮುನ್ನುಡಿ ನಿಲ್ಲಿಸೋದು ಹೇಗೆ ಮೇಡಂ?"

"ಮೂರು ದಿನ ಮೊದಲು ಅರ್ಜಿ ಕೊಡಬೇಕು," ಎಂದರು ಡಾಕ್ಟರ್ ಅನಸೂಯಾ, ನೆಲ ನೋಡುತ್ತಾ.

"ನಿಮ್ಮ ಫೋನು ಕೊಡಿ. ಅದು ಯಾವುದು?"

"ಮೂವತ್ತೊಂದು. ರೂಢಿಗ್ರಾಹಿಗಿಂತ ಹಿಂದಿನದು. ಅದಕ್ಕೆ ನಾನು ಯಾರು ಅಂತಲೇ ಗೊತ್ತಿಲ್ಲ, ನೆಮ್ಮದಿಯಾಗಿದೀನಿ. ಆದರೆ ಆ ಕೇಂದ್ರದವರು ಮೂವತ್ತೈದರ ಕೆಳಗಿನ ಫೋನಿಗೆ ಉತ್ತರ ಕೊಡಲ್ಲ."

"ಹಾಗಾದರೆ ಮನೆ ತುಂಬ ಫೋನಿದ್ದೂ ಒಂದು ಮಾತು ಹೇಳೋಕೆ ಒಂದೂ ಇಲ್ಲ," ಎಂದ ಸಿದ್ದೇಶ. ಅವನ ಜೀವನದಲ್ಲಿ ಫೋನಿನ ಬಗ್ಗೆ ಅವನು ಆಡಿದ ಮೊದಲ ಕಟು ಮಾತು ಅದು.

ಡಾಕ್ಟರ್ ಅನಸೂಯಾ ಒಂದು ಕ್ಷಣ ಯೋಚಿಸಿದರು. "ಒಂದು ದಾರಿ ಇದೆ. ಮೂವತ್ತೊಂಬತ್ತರಿಂದ ಮಾಡಿ. ಅದು ಮಂಗಳಾ ಅವರ ಧ್ವನಿಯಲ್ಲೇ ಮಾತಾಡುತ್ತೆ. ಕೇಂದ್ರದವರು ಒಪ್ಪಿಗೆಯೇ ಅಂತ ಕೇಳ್ತಾರೆ. ಇದು ಹೂಂ ಅತ್ತೆ ಅನ್ನುತ್ತೆ. ಹೂಂ ಅಂದ್ರೆ ಸಾಕು, ದಾಖಲಾಗುತ್ತೆ."

ಸಿದ್ದೇಶ ಆಗಲೇ ತಾಯಿಯ ಕೈಯಿಂದ ಮೂವತ್ತೊಂಬತ್ತನ್ನು ಎತ್ತಿಕೊಂಡಿದ್ದ. ಮಂಗಳಾ ಅವನ ಮಣಿಕಟ್ಟು ಹಿಡಿದಳು.

"ಬೇಡ."

"ಇನ್ನು ಅರ್ಧ ಗಂಟೆ ಚಿಲ್ಲರೆ ಇದೆ ಮಂಗಳಾ."

"ಇದುವರೆಗೆ ನನ್ನ ಹೂಂ ಎಲ್ಲ ಅದೇ ಹೇಳಿದೆ," ಎಂದಳು ಅವಳು. "ಈ ಒಂದು ಹೂಂ ನಾನೇ ಹೇಳ್ತೀನಿ. ಗಾಡಿ ತೆಗೀರಿ."

ಹರಿಹರ ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್. ಬಾಗಿಲಲ್ಲಿ ನಿಂತಿದ್ದದ್ದು ಭಟ್ಟಿಯ ಮಂಡಕ್ಕಿ ಗಾಡಿ. ಅದರ ಮೇಲೆ ಮನೆಯಷ್ಟೆತ್ತರ ಚೀಲಗಳು. ಇಳಿಸಲು ಹೊತ್ತಿರಲಿಲ್ಲ. ಸಿದ್ದೇಶ ಅಂದು ಗಾಡಿ ಓಡಿಸಿದ ರಭಸಕ್ಕೆ ಎರಡು ಚೀಲ ಹರಿದು ದಾರಿಯುದ್ದಕ್ಕೂ ಮಂಡಕ್ಕಿ ಹಿಮದಂತೆ ಸುರಿಯಿತು. ಆ ಮಾರ್ಗದ ಕಾಗೆಗಳು ಅಂದು ತಿಂದದ್ದರಿಂದ ಮೂರು ದಿನ ಮರ ಏರಲಾರದೆ ನಡೆದುಕೊಂಡೇ ಓಡಾಡಿದವು. ಇದನ್ನು ನಂಬದವರು ಹೋಗಿ ಕಾಗೆಗಳನ್ನೇ ವಿಚಾರಿಸಬಹುದು.

ದಾರಿಯಲ್ಲಿ ಗಂಡ ಹೆಂಡತಿ ಮಾತಾಡಿದ್ದು ಒಮ್ಮೆ ಮಾತ್ರ.

"ಪತ್ರ ಯಾವಾಗ ಬಂತು?" ಎಂದ ಸಿದ್ದೇಶ.

"ಎರಡು ತಿಂಗಳಾಯ್ತು."

"ಮೊದಲನೇ ಸಲ ಕೇಳಿದಾಗ ನಾನು ಎಲ್ಲಿದ್ದೆ?"

"ಪಕ್ಕದಲ್ಲೇ. ಊಟಕ್ಕೆ ಕೂತಿದ್ರಿ. ಫೋನು ಎಡಗೈಯಲ್ಲಿತ್ತು. ಉತ್ತರ ಬಂದಿದ್ದು ಅದರಿಂದ ಅಂತ ಇವತ್ತು ತಿಳೀತು."

ಗಾಡಿ ಇನ್ನಷ್ಟು ಜೋರಾಗಿ ಓಡಿತು.

ನೀರು ಪರೀಕ್ಷಾ ಕೇಂದ್ರ ನದಿಯ ದಂಡೆಯಲ್ಲೇ ಇತ್ತು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಅವರು ಒಳಗೆ ನುಗ್ಗಿದರು. ಕಿಟಕಿಯ ಹಿಂದೆ ಇದ್ದ ಅಧಿಕಾರಿ ದಪ್ಪ ಮೀಸೆಯ ಗಂಭೀರ ಮನುಷ್ಯ. ಇಬ್ಬರ ತಲೆಯ ಮೇಲಿದ್ದ ಮಂಡಕ್ಕಿಯನ್ನು ನೋಡಿ ಅವನು ಪೆನ್ನು ಕೆಳಗಿಟ್ಟ. ಆ ಕಿಟಕಿಯ ಮುಂದೆ ಮನುಷ್ಯರು ಬಂದು ನಿಂತು ಎಷ್ಟೋ ವರ್ಷವಾಗಿತ್ತು.

"ಸರ್ವಮಂಗಳಾ ಅವರಾ? ಸ್ವಲ್ಪ ಹೊತ್ತಿನ ಮುಂಚೆ ನಿಮ್ಮ ಮನೆಯಿಂದ ಯಾರೋ ಆಮೇಲೆ ನೋಡೋಣ ಅಂದ್ರು. ಹೆಸರು ಹೊಡೆದು ಹಾಕೋಣ ಅಂತಿದ್ದೆ."

"ಅದು ನಾನಲ್ಲ ಸಾರ್."

"ಇದಾದ್ರೂ ನೀವೇನಾ?" ಎಂದು ಅಧಿಕಾರಿ ಕಿಟಕಿಯಿಂದ ಬಾಗಿ ಅವಳ ಕೈ ನೋಡಿದ. ಎರಡೂ ಖಾಲಿ. "ಸರಿ. ಕೆಲಸಕ್ಕೆ ಒಪ್ಪಿಗೆಯೇ?"

ಮಂಗಳಾ ಬಾಯಿ ತೆರೆದಳು. ನಾಲ್ಕು ವರ್ಷ ಫೋನಿಗೆ ಬಿಟ್ಟುಕೊಟ್ಟಿದ್ದ ಮಾತು ಗಂಟಲಲ್ಲಿ ತುಸು ತಡವರಿಸಿ ಹೊರಬಂತು.

"ಹೂಂ ಅತ್ತೆ," ಎಂದಳು.

ಅಧಿಕಾರಿ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಸಿದ್ದೇಶ ಗೋಡೆಯ ಕಡೆ ತಿರುಗಿದ. ಅವನ ಭುಜಗಳು ಕುಲುಕುತ್ತಿದ್ದವು. ಮಂಗಳಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡಳು. ಆಮೇಲೆ ನೇರ ನಿಂತು, "ಒಪ್ಪಿಗೆ ಸಾರ್. ಸೋಮವಾರ ಬರ್ತೀನಿ," ಎಂದಳು.

ಅಂದು ಸಂಜೆ ಸಿದ್ದೇಶ ಅಂಗಡಿಗೆ ಹೋಗಿ ನಲವತ್ತೊಂದನ್ನು ಹಿಂದಿರುಗಿಸಲು ನಿಂತ. ಅಂಗಡಿಯವನು ಅದನ್ನು ಕೈಗೆ ತೆಗೆದುಕೊಂಡು, "ಇದನ್ನ ವಾಪಸ್ ಕೊಡ್ತೀರಾ?" ಎಂದ. ಸಿದ್ದೇಶ ಉತ್ತರಿಸುವ ಮೊದಲೇ ನಲವತ್ತೊಂದು, "ಆಮೇಲೆ ನೋಡೋಣ," ಎಂದಿತು. ಕೇಳಿದಷ್ಟು ಸಲವೂ ಅದೇ ಉತ್ತರ ಬಂದು, ಆರು ಗಂಟೆ ದಾಟಿತು. ಹೀಗಾಗಿ ಜಗತ್ತಿನ ಅತ್ಯಾಧುನಿಕ ಫೋನು ಇಂದಿಗೂ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಮೊಳೆಗೆ ತೂಗುಬಿದ್ದಿದೆ. ಮಂಡಕ್ಕಿ ಹುರಿದಾಯಿತೇ ಎಂದು ಕೇಳಿದರೆ ಆಮೇಲೆ ನೋಡೋಣ ಎನ್ನುತ್ತದೆ. ಮೇಸ್ತ್ರಿ ಅದನ್ನು ಕೇಳುವುದನ್ನು ಬಿಟ್ಟು ಮೊದಲಿನಂತೆ ವಾಸನೆ ನೋಡಿಯೇ ಇಳಿಸುತ್ತಾನೆ.

ಮೂವತ್ತೊಂಬತ್ತನ್ನು ಹಾಲಮ್ಮ ಯಾರಿಗೂ ಕೊಡಲಿಲ್ಲ. "ಈ ಮನಿಯಾಗ ನನ್ನ ಮಾತಿಗೆ ಹೂಂ ಅನ್ನೋದು ಇದೊಂದೇ," ಎಂದು ಅದನ್ನು ಆರಾಮ ಕುರ್ಚಿಯ ತೋಳಿನ ಮೇಲೆ ಇಟ್ಟುಕೊಂಡಳು. ಮೂರು ತಿಂಗಳಲ್ಲಿ ಅದನ್ನು ತನಗೆ ಪಳಗಿಸಿಕೊಳ್ಳಬೇಕೆಂದು ಡಾಕ್ಟರ್ ಅನಸೂಯಾ ಹೇಳಿದ್ದರೂ ಆಕೆ ಆ ಗೋಜಿಗೆ ಹೋಗಲಿಲ್ಲ.

ಸೋಮವಾರ ಮಂಗಳಾ ನದಿಯ ದಂಡೆಯಲ್ಲಿ ಸೀಸೆಗಳಿಗೆ ನೀರು ತುಂಬುತ್ತಿದ್ದಾಗ ನಾಲ್ಕು ಗಂಟೆಯಾಯಿತು. ಅವಳು ಕೈ ಒರೆಸಿಕೊಂಡು, ಕೇಂದ್ರದ ಮೇಜಿನ ಮೇಲಿನ, ಇನ್ನೂ ಯಾರಿಗೂ ಪಳಗಿರದ ಫೋನಿನಿಂದ ಮನೆಗೆ ಕರೆ ಮಾಡಿದಳು. ಎತ್ತಿದ್ದು ಹಾಲಮ್ಮ, ಅರ್ಜಿ ಕೊಟ್ಟು ಮುನ್ನುಡಿ ನಿಲ್ಲಿಸಿಕೊಂಡಿದ್ದ ತನ್ನ ಹಳೆಯ ಮೂವತ್ತೆಂಟರಲ್ಲಿ.

"ಯಾರು?"

"ನಾನು ಅತ್ತೆ, ಮಂಗಳಾ. ಊಟ ಆಯ್ತಾ?"

"ನೀನೇ ಅಂತ ನಾನು ಹೆಂಗೆ ನಂಬಲಿ? ನಿನ್ನಂಥದೇ ಧ್ವನಿ ಇಲ್ಲೊಂದು ಕುರ್ಚಿ ಮ್ಯಾಲೆ ಕೂತೈತಿ."

"ನಾನೇ ಅತ್ತೆ."

"ಅದೂ ಹಂಗೇ ಅನ್ನುತ್ತೆ. ಇವತ್ತು ಡಬ್ಬಿಗೆ ನಾನು ಕಟ್ಟಿಕೊಟ್ಟ ಸಾರು ಚೆನ್ನಾಗಿತ್ತಾ, ಹೇಳು."

ಮಂಗಳಾ ಯೋಚಿಸಿದಳು. ನದಿಯ ಗಾಳಿ ಬೀಸಿತು.

"ಇಲ್ಲ ಅತ್ತೆ," ಎಂದಳು. "ಉಪ್ಪು ಜಾಸ್ತಿ ಆಗಿತ್ತು. ಹುಣಸೆಹಣ್ಣು ಹಾಕೋದು ಮರೆತಿದ್ರಿ."

ಹಾಲಮ್ಮ ನಿಟ್ಟುಸಿರು ಬಿಟ್ಟಳು. "ಹಂಗಾರೆ ನೀನೇ. ಏನು ನಡೀತು ಇವತ್ತು, ಮೊದಲಿಂದ ಹೇಳು."

ಆ ಸುದ್ದಿ ಡಾಕ್ಟರ್ ಅನಸೂಯಾರ ಬಾಯಿಂದ ಊರೆಲ್ಲ ಹರಡಿತು. ಊರಿನ ಮನೆ ಮನೆಯಲ್ಲೂ ಇಳಿಕೆ ನಡೆದಿತ್ತು, ಮನೆ ಮನೆಯಲ್ಲೂ ಯಾರದೋ ಹೂಂ ಇನ್ಯಾರದೋ ಕೈಗೆ ಬಂದಿತ್ತು. ಈಗ ದಾವಣಗೆರೆಯಲ್ಲಿ ಯಾರೇ ಫೋನು ಮಾಡಲಿ, ಮೊದಲು ಒಂದು ಮಾತಿಗೆ ಇಲ್ಲ ಎನ್ನುತ್ತಾರೆ, ಆಮೇಲೆ ಕುಶಲ ವಿಚಾರಿಸುತ್ತಾರೆ. ಅಲ್ಲಿನ ಪ್ರೇಮಿಗಳು ಪ್ರೀತಿಯ ಮಾತಿಗೆ ಮುಂಚೆ ಕಾಲು ಗಂಟೆ ಜಗಳವಾಡುತ್ತಾರೆ. ಹೊರಗಿನಿಂದ ಬಂದವರು ಇಷ್ಟು ಜಗಳಗಂಟ ಊರನ್ನು ಕಂಡೇ ಇಲ್ಲ ಎಂದು ಹೇಳಿ, ಬೆಣ್ಣೆದೋಸೆ ತಿಂದು ಹೋಗುತ್ತಾರೆ.

ಕಂಪನಿಗೂ ಈ ವಿಷಯ ತಲುಪಿತು. ಮುಂದಿನ ವರ್ಷವೇ ಅದು ಚಂದ್ರಮ ನಲವತ್ತೆರಡರ ಜಾಹೀರಾತು ಹೊರಡಿಸಿತು: ನಿಮ್ಮ ಪರವಾಗಿ ಜಗಳವನ್ನೂ ಆಡಬಲ್ಲ ಮೊದಲ ಫೋನು. ಬೆನ್ನು ಈ ಸಲ ಕುಂಕುಮ ಬಣ್ಣದ್ದು.

ಒಂದು ಭಾನುವಾರ ಊಟದ ಹೊತ್ತಿನಲ್ಲಿ ಸಿದ್ದೇಶ ಆ ಜಾಹೀರಾತನ್ನು ತಟ್ಟೆಯ ಪಕ್ಕ ಬಿಡಿಸಿಟ್ಟು, ಗಂಟಲು ಸರಿಪಡಿಸಿಕೊಂಡು, ಒಮ್ಮೆ ಹೆಂಡತಿಯನ್ನೂ ಒಮ್ಮೆ ತಾಯಿಯನ್ನೂ ನೋಡಿದ.

"ತಗೊಳ್ಳಲಾ?" ಎಂದ.

"ಆಮೇಲೆ ನೋಡೋಣ."

ಸಿದ್ದೇಶ ಬೆಚ್ಚಿ ಸುತ್ತಲೂ ಹುಡುಕಿದ. ಊಟದ ಮನೆಯಲ್ಲಿ ಒಂದೂ ಫೋನಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ, ಅವರವರ ಬಾಯಿಂದಲೇ ಹೇಳಿ, ಸಾರಿಗೆ ಕೈ ಚಾಚಿದ್ದರು.